ಬಾಡದ ಕಣಗಿಲೆ

ನಮ್ಮ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗೆ ಬೆಂಕಿ ಹಾಕಿದರೆ, ಒಳಗೆ ಮನುಷ್ಯ ನಿಲ್ಲಲಾರದಷ್ಟು ಕಾವು. ಬೆಂಕಿ ಹಾಕುವ ಮುಂಚೆ ಅವ್ವ ಮಾರಮ್ಮನ ಹೆಸರಲ್ಲಿ ಒಂದು ಕಣಗಿಲೆ ಹೂವನ್ನು ಒಳಗೆ ಕಟ್ಟುತ್ತಾಳೆ. ಈ ವರ್ಷ ನಾನೂ ಅದೇ ಗಿಡದ ಹೂವೊಂದನ್ನು ಪಕ್ಕದಲ್ಲೇ ಕಟ್ಟಿ, "ನಿನ್ ದೇವ್ರು ಇರೋದು ನಿಜ ಆದ್ರೆ ನಿನ್ ಹೂವು ಬಾಡ್ಬಾರ್ದು" ಅಂದೆ.

ಅವ್ವ ಸಿಟ್ಟಾಗಲಿಲ್ಲ. ಬ್ಯಾರನ್ ಬಾಗಿಲಿಗೆ ಹಣೆ ಹಚ್ಚಿ, "ಇವ್ನು ಕೇಳಿದ್ದ ತೋರ್ಸು ತಾಯಿ. ಕಾವೆಲ್ಲ ನಂಗಿರ್ಲಿ ಬುಡು" ಅಂದಳು.

ಸೊಪ್ಪು ಬೆಂದ ಮೇಲೆ ಬಾಗಿಲು ತೆಗೆದೆ. ನನ್ನ ಹೂವು ಮುಟ್ಟಿದ ಕೂಡಲೇ ಪುಡಿಯಾಯಿತು. ಅವ್ವನದು ಹಸಿಯಾಗಿತ್ತು, ಎಸಳಿನ ಮೇಲೆ ನೀರಿತ್ತು.

ಅಂದಿನಿಂದ ಅವ್ವ ಮಲಗಿದ್ದಾಳೆ. ಡಾಕ್ಟರ ಥರ್ಮಾಮೀಟರಿನಲ್ಲಿ ಜ್ವರವೇ ಇಲ್ಲ. ಆದರೆ ಹಣೆಗೆ ಹಾಕಿದ ಒದ್ದೆ ಬಟ್ಟೆ ನಾನು ಕೈ ತೆಗೆಯುವುದರೊಳಗೆ ಒಣಗಿ ಗರಿಗರಿಯಾಗುತ್ತದೆ. ಅವಳ ಮೈಯಿಂದ ಬೆಂದ ಸೊಪ್ಪಿನ ವಾಸನೆ ಬರುತ್ತದೆ.

"ನಂಬಿದ್ದೀನಿ ಕಣವ್ವ, ಮಾರಮ್ಮಂಗೆ ಸಾಕು ಅನ್ನು" ಎಂದು ಕಾಲು ಹಿಡಿದೆ.

"ನನ್ ಕೈಲಿ ಏನದೆ ಮಗ, ಹೂವು ಬಾಡ್ಬೇಕಲ್ಲ" ಅಂದಳು.

ಬಾಡಲಿ ಎಂದು ನಿನ್ನೆ ಅದನ್ನು ಉರಿಯುವ ಒಲೆಗೆ ಹಾಕಿದೆ. ಬೆಳಿಗ್ಗೆ ಬೂದಿ ಬಳಿಯುವಾಗ ಕೈಗೆ ತಣ್ಣಗೆ ತಾಗಿತು. ಎಸಳಿನ ಮೇಲೆ ಇನ್ನೂ ನೀರಿತ್ತು.