ಮರಲು ಮೀನಿನ ಮಡು

ಬಾಳು ಎಂಬವನು ಮಡುವಿಗೆ ಸಿಡಿಮದ್ದು ಒಗೆಯುವ ಮೊದಲೇ ಮೂವರೂ ಅಲ್ಲಿ ತಲುಪಬೇಕಿತ್ತು.

ಅದು 1998ರ ಜೂನ್. ಸವದತ್ತಿಯ ಹೈಸ್ಕೂಲು ಶಿಕ್ಷಕಿ ಶೈಲಜಾ, ಅವಳ ತಂಗಿ ಉಮಾಶ್ರೀ ಮತ್ತು ಮನೋಳಿಯ ಲಾರಿ ಡ್ರೈವರ್ ಖಾಸಿಮಸಾಬ ಮೂವರೂ ರವಿವಾರ ಮಲಪ್ರಭೆಯಲ್ಲಿ ಗಾಳ ಹಾಕುವವರು. ಬಂಡೆ ಒಡೆಯುವ ಬಾಳು ಹೋದ ವರ್ಷ ಮೇಲಿನ ಮಡುವನ್ನು ಸಿಡಿಸಿ ಬರಿದು ಮಾಡಿದ್ದ. ದೂರು ಕೊಡಲು ಹೋದ ಶೈಲಜಾಳನ್ನು ಪೊಲೀಸರು, ಮೀನಿಗೂ ಕೇಸೇ ಎಂದು ನಕ್ಕು ಕಳಿಸಿದ್ದರು. ಆ ನಗುವನ್ನು ಅವಳು ಮರೆತಿರಲಿಲ್ಲ. ಈ ಸಲ ಅವನು ಕೆಳಗಿನ ಮಡುವಿಗೆ ಹೊರಟನೆಂದು ತಿಳಿದದ್ದೇ ಮೂವರೂ ಓಡಿದರು.

ಕೆಂಪು ಬಂಡೆಗಳ ಗುಡ್ಡ ಸೀಳಿಕೊಂಡು ಹೊಳೆ ಅಲ್ಲಿ ಕಿರಿದಾಗಿ ಹರಿಯುತ್ತದೆ. ದಡದ ತುಂಬ ಕಳ್ಳಿ, ಜಾಲಿ. ಕೆಳಗೆ ಹಸಿರುಗಪ್ಪು ನೀರು. ಮರಲು ಮೀನಿನ ಜೋಡಿಯೊಂದು ಜೊಂಡಿನ ನಡುವೆ ಮರಿ ಮಾಡಿತ್ತು. ಬೆಂಕಿ ಬಣ್ಣದ ಮರಿಗಳು ಮುದ್ದೆಯಾಗಿ ತೇಲಿದರೆ, ತಾಯಿ-ತಂದೆ ಎರಡೂ ಕೆಳಗೆ ಕಾವಲು. ಈ ದಿನಗಳಲ್ಲಿ ಮೂವರೂ ಅಲ್ಲಿ ಗಾಳ ಮುಟ್ಟುತ್ತಿರಲಿಲ್ಲ.

ಇಳಿಜಾರಿನಲ್ಲಿ ಉಮಾಶ್ರೀ ಜಾರಿದಳು. ಖಾಸಿಮಸಾಬ ರಟ್ಟೆ ಹಿಡಿದು ಎಳೆದುಕೊಂಡ.

ಕೆಳಗೆ ಬಾಳು ಮದ್ದಿನ ಬತ್ತಿಗೆ ಬೀಡಿ ತಾಗಿಸಿದ್ದ.

ಶೈಲಜಾ ಬಂಡೆಯಿಂದ ನೇರ ಮಡುವಿಗೆ ಹಾರಿದಳು.

ಬಾಳು ಗಾಬರಿಯಾಗಿ ಉರಿಯುವ ಮದ್ದನ್ನು ಹಿಂದಿನ ಒಣ ಕೊರಕಲಿಗೆ ಎಸೆದ. ಗುಡ್ಡ ನಡುಗಿತು. ಕಲ್ಲು ಸುರಿದವು. ಒಂದು ಕಲ್ಲು ಖಾಸಿಮಸಾಬನ ಭುಜ ಸೀಳಿತು.

"ತಲಿ ಕೆಟ್ಟೈತೇನ್ರಿ ಅಕ್ಕೋರ? ನೀವು ಸತ್ತಿದ್ರ ನಾ ಜೇಲಿಗಿ ಹೋಗಬೇಕಿತ್ತು," ಎಂದ ಬಾಳು.

"ನಾ ಸತ್ರ ಜೇಲು. ಈ ಹೊಳಿ ಸತ್ರ ಯಾರೂ ಕೇಳಂಗಿಲ್ಲ, ಹೌದಲ್ಲ?"

ಅಷ್ಟರಲ್ಲಿ ಗಂಡು ಮೀನು ಅವಳ ತೊಡೆಗೆ ಗುದ್ದಿ ಕಚ್ಚಿತು. ಮರಿಗಳ ಹತ್ತಿರ ಬಂದವಳು ವೈರಿಯೇ ಎಂದು ಅದರ ಲೆಕ್ಕ. ನೀರು ಕೆಂಪಾಯಿತು. ಅವಳು ಕದಲಲಿಲ್ಲ.

"ಇನ್ನೊಂದು ಒಗಿ. ನಾ ಇಲ್ಲೇ ನಿಂತಿರತೇನಿ."

ಖಾಸಿಮಸಾಬನೂ ರಕ್ತ ಸುರಿಯುತ್ತಲೇ ನೀರಿಗಿಳಿದು ಅವಳ ಪಕ್ಕ ನಿಂತ. ಉಮಾಶ್ರೀಯೂ ಇಳಿದಳು. ಬಾಳು ಬೈದ, ಉಗುಳಿದ, ಕಾದ. ಕೊನೆಗೆ ಚೀಲ ಹೆಗಲಿಗೇರಿಸಿ ಗುಡ್ಡ ಹತ್ತಿದ.

ಅವನು ಮರೆಯಾದ ಮೇಲೆಯೇ ಮೂವರೂ ಹೊರಬಂದರು. ಮಳೆ ಹಿಡಿಯಿತು. ಒಬ್ಬರನ್ನೊಬ್ಬರು ಎಳೆದುಕೊಳ್ಳುತ್ತ, ಜಾರುವ ಬಂಡೆಗಳ ಮೇಲೆ ಅಂಬೆಗಾಲಿಟ್ಟು ತುದಿ ಮುಟ್ಟಿದರು.

ನಾಳೆ ಅವನು ಮತ್ತೆ ಬಂದರೆ ಏನು ಮಾಡುವುದೆಂದು ಉಮಾಶ್ರೀ ಕೇಳಿದಳು.

"ನಾವೂ ಬರೂಣು," ಎಂದಳು ಶೈಲಜಾ. ಸಿಟ್ಟು ಇಳಿದಿರಲಿಲ್ಲ. ಆದರೆ ಕೆಳಗೆ, ಮಳೆಹನಿಗಳ ನಡುವೆ, ಕೆಂಪು ಮರಿಗಳ ಮುದ್ದೆ ಇನ್ನೂ ತೇಲುತ್ತಿತ್ತು.