ಬಂಡೆಯ ಕಡೆ ನಡೆದ ಹಿಂಡು

ಸುದೀಪ್ ಕರಿಬಂಡೆಯ ಬುಡದಲ್ಲಿ ಬೋರಲಾಗಿ ಬಿದ್ದಿದ್ದ. ಹಿಂದಲೆ ಒಡೆದಿತ್ತು. ರಕ್ತ ಆಗಲೇ ಒಣಗಿತ್ತು. ಬಂಡೆಗೆ ಎದುರಾಗಿ ಮರಕ್ಕೆ ಕಟ್ಟಿದ್ದ ಕ್ಯಾಮೆರಾ ಪುಡಿಯಾಗಿತ್ತು. ಒಳಗೆ ಮೆಮೊರಿ ಕಾರ್ಡ್ ಇರಲಿಲ್ಲ.

ಎಸ್‌ಐ ರುದ್ರಾಣಿ ಹೆಣದ ಪಕ್ಕ ಕುಕ್ಕರುಗಾಲಲ್ಲಿ ಕುಳಿತಳು. ಸುದೀಪ್ ಚನ್ನಗಿರಿಯ ಹುಡುಗ. ಜಗಳೂರಿನ ಈ ಕುರುಚಲು ಕಾಡಿಗೆ ಕೃಷ್ಣಮೃಗಗಳ ಅಧ್ಯಯನಕ್ಕೆ ಬಂದಿದ್ದ. ಹಿಂಡು ಎಲ್ಲಿ ಮೇಯುತ್ತದೆ, ಯಾವುದರ ಹಿಂದೆ ಯಾವುದು ನಡೆಯುತ್ತದೆ ಎಂದು ಅಲ್ಲಲ್ಲಿ ಕ್ಯಾಮೆರಾ ಕಟ್ಟಿ ನೋಡುತ್ತಿದ್ದ.

ಹೆಣವನ್ನು ಮೊದಲು ಕಂಡವನು ಓಬಳಪ್ಪ. ಮೃಗಗಳ ತೊಟ್ಟಿಗೆ ನೀರು ತುಂಬಲು ಅಧ್ಯಯನ ತಂಡ ಇಟ್ಟುಕೊಂಡಿದ್ದ ಆಳು.

"ನಿನ್ನೆ ಸಂಜೆ ಎಲ್ಲಿದ್ದೆ?"

"ಜ್ವರ ಬಂದಿತ್ತು ಮೇಡಂ. ಈ ಕಡೆ ಬರಾಕೇ ಆಗ್ಲಿಲ್ಲ. ಬೆಳಿಗ್ಗೆ ಬಂದು ನೋಡಿದ್ರೆ ಹಿಂಗೆ." ಅವನು ಟವೆಲ್‌ನಿಂದ ಮುಖ ಒರೆಸಿಕೊಂಡ. "ಕುರಿ ಕಾಯೋ ಮುತ್ತುರಾಜನ್ನ ಕೇಳ್ರಿ. ಕ್ಯಾಮೆರಾ ತೆಗೀದಿದ್ರೆ ಕೈಕಾಲು ಮುರೀತೀನಿ ಅಂದಿದ್ದ."

ಮುತ್ತುರಾಜ್ ಅಲ್ಲಗಳೆಯಲಿಲ್ಲ.

"ಅಂದಿದ್ದು ನಿಜ ರೀ. ನಮ್ ಹೆಣ್ಮಕ್ಳು ಓಡಾಡೋ ಜಾಗದಾಗೆ ಕ್ಯಾಮೆರಾ ಯಾಕೆ? ನಿನ್ನೆ ಸಂಜೆ ಹಳ್ಳದ ಕಡೆ ಕುರಿ ಮೇಯಿಸ್ತಿದ್ದೆ. ನೋಡಿದೋರು ಯಾರೂ ಇಲ್ಲ."

ಅವನನ್ನು ಠಾಣೆಯಲ್ಲಿ ಕೂರಿಸಿದರು. ಕೇಸು ಮುಗಿಯಿತು ಎಂದರು ಊರವರು. ರುದ್ರಾಣಿಗೆ ಸಮಾಧಾನವಾಗಲಿಲ್ಲ. ಸಿಟ್ಟಿಗೆ ಕ್ಯಾಮೆರಾ ಒಡೆದವನು ಕಾರ್ಡ್ ಏಕೆ ಒಯ್ಯುತ್ತಾನೆ?

*

ಸುದೀಪನ ಸಹೋದ್ಯೋಗಿ ಚೈತ್ರಾ ಲ್ಯಾಪ್‌ಟಾಪ್ ತೆರೆದಳು. ಅತ್ತು ಕಣ್ಣುಗಳು ಊದಿದ್ದವು.

"ಬಯಲಿನ ಆಚೆ ಇನ್ನೊಂದು ಕ್ಯಾಮೆರಾ ಐತೆ ಮೇಡಂ. ಅದರಾಗೆ ಬಂಡೆ ಕಾಣಲ್ಲ. ಹಿಂಡು ಮಾತ್ರ."

ಹಳೆಯ ಚಿತ್ರಗಳಲ್ಲಿ ಮುತ್ತುರಾಜ್ ಬಂದರೆ ಹಿಂಡು ಚದುರಿ ಓಡುತ್ತಿತ್ತು. ಸುದೀಪ್ ಬಂದರೂ ಓಡುತ್ತಿತ್ತು. ಕೊಲೆಯಾದ ಸಂಜೆ ಮಾತ್ರ ಮೃಗಗಳು ತಲೆಯೆತ್ತಿ ನೋಡಿ, ಹಿರಿಯ ಹೆಣ್ಣೊಂದು ಮುಂದೆ, ಮರಿಗಳು ಹಿಂದೆ, ಸಾಲಾಗಿ ಬಂಡೆಯ ಕಡೆಗೇ ನಡೆದಿದ್ದವು. ಕೊನೆಯ ಚಿತ್ರದಲ್ಲಿ ಎಲ್ಲವೂ ಬೆಚ್ಚಿ ವಾಪಸು ಓಡುತ್ತಿದ್ದವು.

"ತೊಟ್ಟಿ ಆ ಕಡೆ ಐತಾ?"

"ಇಲ್ಲ, ಈ ಕಡೆ. ಈಚೆಗೆ ಅದು ಒಣಗೇ ಇರ್ತಿತ್ತು, ಹಿಂಡೂ ದಾರಿ ಬದಲಿಸಿತ್ತು. ಮೃಗಗಳೂ ಕಡಿಮೆ ಆಗ್ತಿದ್ವು. ಯಾಕೆ ಅಂತ ನೋಡಾಕೇ ಸುದೀಪ್ ಹೋಗಿದ್ದ."

ರುದ್ರಾಣಿ ಪರದೆಯಿಂದ ಕಣ್ಣು ಕೀಳಲಿಲ್ಲ.

*

ಮರುದಿನ ಬೆಳಿಗ್ಗೆ ರುದ್ರಾಣಿ ಮುತ್ತುರಾಜ್, ಓಬಳಪ್ಪ, ಚೈತ್ರಾ ಮೂವರನ್ನೂ ಬಯಲಿಗೆ ಕರೆತಂದಳು. ಮೊದಲು ತಾನೇ ನಾಲ್ಕು ಹೆಜ್ಜೆ ಇಟ್ಟಳು. ಹಿಂಡು ದೂರ ಸರಿಯಿತು. ಮುತ್ತುರಾಜ್ ನಡೆದ. ಇನ್ನೂ ದೂರ ಓಡಿತು.

"ಈಗ ನೀನು ನಡಿ, ಓಬಳಪ್ಪ."

ಅವನು ಕಾಲೆಳೆಯುತ್ತ ನಡೆದ. ಹಿರಿಯ ಹೆಣ್ಣು ಕಿವಿ ನಿಮಿರಿಸಿತು. ಬಾಯಾರಿದ ಮೃಗಗಳು ಒಂದೊಂದಾಗಿ ಅವನತ್ತ ಬಂದವು.

"ಹೋಗ್ರಿ," ಎಂದು ಪಿಸುಗುಟ್ಟಿದ. ಅವು ಹೋಗಲಿಲ್ಲ. ಮರಿಯೊಂದು ಅವನ ಕೈ ಮೂಸಿತು.

"ಆ ಸಂಜೆ ಬಂಡೆ ಹತ್ರ ಇದ್ದೋನು ನೀನೇ," ಎಂದಳು ರುದ್ರಾಣಿ. "ಬೇರೆ ಯಾರಿದ್ರೂ ಇವು ಓಡ್ತಿದ್ವು. ತೊಟ್ಟಿ ಒಣಗಿಸಿ, ಅಲ್ಲಿ ನೀರಿಟ್ಟು ಇವನ್ನ ಹಿಡೀತಿದ್ದೆ. ಸುದೀಪ್ ಕಂಡ. ಕ್ಯಾಮೆರಾದಾಗೆ ನಿನ್ನ ಮುಖ ಬಿದ್ದಿತ್ತು. ಅದಕ್ಕೇ ಕಾರ್ಡ್ ಕಿತ್ಕೊಂಡೆ. ಎಲ್ಲೈತೆ?"

ಓಬಳಪ್ಪ ಮರಿಯನ್ನು ಆಚೆ ತಳ್ಳಿದ.

"ಕೊಟ್ಟಿಗೆ ಸೂರಿನಾಗೆ. ಉರುಳೂ ಅಲ್ಲೇ ಅವೆ. ಯಾರಿಗೂ ಹೇಳ್ಬೇಡ ಅಂತ ಕಾಲು ಹಿಡಿದೆ ಮೇಡಂ. ಕೇಳ್ಲಿಲ್ಲ, ತಿರುಗಿ ಹೊಂಟ. ಕೈಗೆ ಕಲ್ಲು ಸಿಕ್ತು."

ಓಬಳಪ್ಪನನ್ನು ಕೂರಿಸಿಕೊಂಡು ಜೀಪು ಹೊರಟಾಗ ಹಿಂಡು ಅದರ ಹಿಂದೆಯೇ ಹೆಜ್ಜೆ ಹಾಕಿತು. ಚೈತ್ರಾ ಬಗ್ಗಿ ಕಲ್ಲು ಆಯ್ದು ಎಸೆದಳು. ಮತ್ತೊಂದು ಎಸೆದಳು. ಮೃಗಗಳು ಬೆದರಿ ಓಡಿದವು.

"ಯಾಕಮ್ಮ?" ಎಂದ ಮುತ್ತುರಾಜ್.

"ಯಾರನ್ನೂ ನಂಬಬಾರದು ಅಂತ ಕಲೀಲಿ," ಎಂದು ಅಳುತ್ತಲೇ ಅವಳು ಇನ್ನೊಂದು ಕಲ್ಲಿಗೆ ಬಗ್ಗಿದಳು.