ಐನೂರು ಕಿಲೋಮೀಟರ್ ಆದಮೇಲೆ ಬನ್ನಿ

ಮೊದಲು ಅವನ ಕೈ ಹಿಡಿದವಳು ನಾನೇ. ಪ್ರೀತಿಯಿಂದಲ್ಲ, ಸಿಟ್ಟಿನಿಂದ.

ಅವನ ಪುಟ್ಟ ಬಿಳಿ ಕಾರು ನಮ್ಮ ಗ್ಯಾರೇಜಿನ ಮುಂದೆ ಹಬೆ ಬಿಡುತ್ತ ನಿಂತಿತ್ತು. ಅವನು ಬಾನೆಟ್ ಎತ್ತಿ, ಕೈಗೆ ಕರ್ಚೀಫು ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೊರಟಿದ್ದ. ನಾನು ಓಡಿಹೋಗಿ ಮಣಿಕಟ್ಟು ಹಿಡಿದೆ.

"ಮುಖ ಬೇಡ್ವಾ ನಿಮಗೆ?"

"ನೀರು ಹಾಕೋಣ ಅಂತ..."

"ಬಿಸಿ ಇದ್ದಾಗ ತೆಗೆದ್ರೆ ಕುದಿಯೋ ನೀರು ನೆಟ್ಟಗೆ ಮುಖಕ್ಕೇ ಹಾರತ್ತೆ. ತಣ್ಣಗಾಗೋವರೆಗೆ ಸುಮ್ನೆ ಕೂತ್ಕೊಳ್ಳಿ."

ಅವನು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದ. ಆಮೇಲೆ ಮಣಿಕಟ್ಟು ನೋಡಿಕೊಂಡ. ನನ್ನ ಐದು ಬೆರಳೂ ಅಲ್ಲಿ ಗ್ರೀಸಿನಲ್ಲಿ ಮೂಡಿದ್ದವು. ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ. ಅಂಗೈ ಒರೆಸಿದ, ಮುಖ ಒರೆಸಿದ, ಮಣಿಕಟ್ಟನ್ನು ಹಾಗೇ ಬಿಟ್ಟ.

ಎರಡು ಬೀದಿ ಆಚೆ ಅವನ ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ ಮಾಡುವವನು. ನಾನು ಅಪ್ಪನ ಜೊತೆ ಗ್ಯಾರೇಜು ನಡೆಸುವವಳು. ಇಷ್ಟು ಹತ್ತಿರವಿದ್ದೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಎಂಜಿನ್ ತಣ್ಣಗಾದ ಮೇಲೆ ಆಯಿಲ್ ಮುಚ್ಚಳ ತೆಗೆದು ತೋರಿಸಿದೆ. ಒಳಬದಿಗೆ ಹಾಲಿನ ಕೆನೆಯಂಥದ್ದು ಕಟ್ಟಿತ್ತು.

"ಎಣ್ಣೆಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ."

"ಅಂದ್ರೆ?"

"ಎಂಜಿನ್ನಿನ ಕೆಳಗಿನ ಭಾಗ ಬ್ಲಾಕು, ಮೇಲಿನದು ಹೆಡ್ಡು. ಮಧ್ಯೆ ಒಂದು ತೆಳು ಹಾಳೆ. ಬೆಂಕಿ, ಎಣ್ಣೆ, ನೀರು ಮೂರೂ ಒಂದೇ ಮನೇಲಿರ್ತವೆ, ಆದ್ರೆ ಒಂದಕ್ಕೊಂದು ಸೇರಬಾರ್ದು. ಅದನ್ನ ತಡೆದು ಕೂತಿರೋದು ಆ ಹಾಳೆ."

"ನಮ್ಮನೇಲಿ ಅಜ್ಜಿ, ಅಮ್ಮ, ಅತ್ತೆ ಇದಾರೆ. ಆ ಹಾಳೆ ನಮ್ಮಪ್ಪ."

"ಅವ್ರು ಇನ್ನೂ ಸುಟ್ಟುಹೋಗಿಲ್ವಾ?"

"ಇಲ್ಲ. ಕಿವಿ ಸ್ವಲ್ಪ ಮಂದ."

ನಗಬಾರದೆಂದುಕೊಂಡಿದ್ದೆ, ನಕ್ಕುಬಿಟ್ಟೆ. ಅದನ್ನು ಮುಚ್ಚಲು ದಬಾಯಿಸಿದೆ. "ಬಿಸಿ ತೋರಿಸೋ ಮುಳ್ಳು ಏರಿರ್ಬೇಕಲ್ಲ?"

"ಒಂದು ವಾರದಿಂದ ಏರ್ತಿತ್ತು. ತಾನೇ ಇಳಿಯತ್ತೆ ಅಂದ್ಕೊಂಡೆ."

"ಊರವರ ಕಣ್ಣೆಲ್ಲ ನೋಡೋರು, ಕಣ್ಣೆದುರಿನ ಮುಳ್ಳು ನೋಡಲಿಲ್ಲ."

ಹೆಡ್ಡು ಬಿಚ್ಚಿ, ಬಿಸಿಗೆ ಬಾಗಿದ್ದನ್ನು ಸಮ ಮಾಡಿಸಲು ಲೇತ್ ಅಂಗಡಿಗೆ ಕಳಿಸಿದೆವು. ಮೂರು ದಿನ ಹಿಡಿಯಿತು. ಮೂರೂ ದಿನ ಮಧ್ಯಾಹ್ನ ಅವನು ಹಾಜರು. ನಾನು ಬ್ಲಾಕಿಗೆ ಅಂಟಿದ್ದ ಹಳೆಯ ಹಾಳೆಯ ಚೂರುಗಳನ್ನು ಕೆರೆದು ತೆಗೆಯುವಾಗ ಟಾರ್ಚು ಹಿಡಿಯುತ್ತಿದ್ದ. ಬೆಳಕು ಬೀಳಬೇಕಾದ ಕಡೆ ಬೀಳುತ್ತಿರಲಿಲ್ಲ.

"ಎಂಜಿನ್ ಆ ಕಡೆ ಇದೆ," ಎಂದೆ, ತಲೆ ಎತ್ತದೆ.

"ಗೊತ್ತು," ಎಂದ, ಟಾರ್ಚು ತಿರುಗಿಸದೆ.

ಮೂರನೇ ದಿನ ಹೊಸ ಗ್ಯಾಸ್ಕೆಟ್ ಕೂರಿಸಿ ಬೋಲ್ಟು ಬಿಗಿ ಮಾಡುತ್ತಿದ್ದೆ. ಮಧ್ಯದಿಂದ ಶುರುಮಾಡಿ ಹೊರಗೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ. ಆಗ ಅವನು ಮೆಲ್ಲಗೆ ಹೇಳಿದ.

"ತಿಂಗಳ ಕೊನೆಗೆ ಭಾವನ ಊರಿಗೆ ಹೋಗೋದಾಗತ್ತೇನೋ. ದೊಡ್ಡ ಅಂಗಡಿ ಇಟ್ಟಿದ್ದಾರೆ, ಬಾ ಅಂತ ಕರೀತಿದಾರೆ. ಬೇಡ ಅನ್ನೋಕೆ ಕಾರಣ ಇಲ್ಲ."

ಸ್ಪ್ಯಾನರ್ ಜಾರಿ ಗೆಣ್ಣು ಕೆತ್ತಿಹೋಯಿತು. ತಿಂಗಳ ಕೊನೆಗೆ ಹತ್ತೇ ದಿನವಿತ್ತು.

ಸಂಜೆ ಕಾರು ಕೊಟ್ಟೆವು. ಗಿರಾಕಿಗೆ ಸುಳ್ಳು ಹೇಳಬಾರದು ಅನ್ನುವುದು ಅಪ್ಪನ ಹಟ. ಹೊಸದು ಹಾಕಿದ್ದೇವೆ ಎಂದು ನಂಬಿಕೆ ಬರಲಿ ಅಂತ ಹಳೆಯ ಭಾಗವನ್ನು ಹೊಸದರ ಡಬ್ಬಿಯಲ್ಲೇ ಇಟ್ಟು ಕೊಟ್ಟುಬಿಡುತ್ತೇವೆ. ಅವನಿಗೂ ಹಾಗೇ ಕೊಟ್ಟೆ. ಅವನು ಡಬ್ಬಿ ಹಿಡಿದು ಹೊರಟಾಗ ನನ್ನ ಬಾಯಿ ತಾನಾಗಿ ಮಾತಾಡಿತು.

"ಐನೂರು ಕಿಲೋಮೀಟರ್ ಆದಮೇಲೆ ಬನ್ನಿ. ಬೋಲ್ಟೆಲ್ಲ ಇನ್ನೊಂದ್ಸಲ ಬಿಗಿ ಮಾಡ್ಬೇಕು."

ಪಕ್ಕದ ಕಾರಿನಡಿ ಮಲಗಿದ್ದ ಅಪ್ಪನ ಸುತ್ತಿಗೆ ಸದ್ದು ಗಕ್ಕನೆ ನಿಂತಿತು.

ಹಳೇ ಕಾಲದ ಗ್ಯಾಸ್ಕೆಟ್ಟಿಗೆ ಆ ಮಾತು ನಿಜ. ಈಗಿನ ಈ ಸ್ಟೀಲ್ ಹಾಳೆಗೆ ಒಮ್ಮೆ ಬಿಗಿದರೆ ಮುಗಿಯಿತು. ಗಿರಾಕಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅದನ್ನಾದರೂ ನೆಟ್ಟಗೆ ಹೇಳಿದೆನೇ? ಮನೆಯಿಂದ ಅಂಗಡಿಗೆ ಹೋಗಿಬಂದರೆ ಅವನಿಗೆ ದಿನಕ್ಕೆ ಎಂಟು ಕಿಲೋಮೀಟರ್. ಐನೂರಾಗಲು ಎರಡು ತಿಂಗಳು ಬೇಕು. ಅಷ್ಟರಲ್ಲಿ ಅವನು ಊರಲ್ಲೇ ಇರುವುದಿಲ್ಲ. ಐವತ್ತು ಅನ್ನಲು ನನಗೇನಾಗಿತ್ತು ರೋಗ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಯಾವ ಬಿಳಿ ಕಾರು ನಮ್ಮ ಬೀದಿಗೆ ತಿರುಗಿದರೂ ಕೈಯಲ್ಲಿದ್ದದ್ದು ಬೀಳುತ್ತಿತ್ತು. ಅವನ ನಂಬರು ಜಾಬ್ ಕಾರ್ಡಿನಲ್ಲಿತ್ತು. ಫೋನ್ ಮಾಡಿ ಏನು ಹೇಳಲಿ, ನಾನು ಹೇಳಿದ್ದು ಸುಳ್ಳು, ಬೇಗ ಬನ್ನಿ ಅಂತಲೇ?

"ಆ ಸ್ಪ್ಯಾನರ್ ಎಷ್ಟು ಸಲ ಒರೆಸ್ತೀಯಮ್ಮ, ಸವೆದು ಹೋದೀತು," ಎಂದರು ಅಪ್ಪ.

ಆರನೇ ದಿನ ಬೆಳಿಗ್ಗೆ ಬಿಳಿ ಕಾರು ಬಂದು ನಿಂತಿತು. ಅವನ ಕಣ್ಣು ಕೆಂಪಗಿದ್ದವು, ಅಂಗಿ ಮುದುರಿತ್ತು. ಮೀಟರ್ ನೋಡಿ, ಕಾರು ಕೊಟ್ಟ ದಿನ ಜಾಬ್ ಕಾರ್ಡಿನಲ್ಲಿ ಬರೆದಿಟ್ಟ ಅಂಕೆ ಕಳೆದೆ. ಐನೂರ ಮೂರು.

"ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೂ ಇಲ್ಲ. ಬೆಳಿಗ್ಗೆ ರಿಂಗ್ ರೋಡು ನಾಲ್ಕು ಸುತ್ತು, ಸಂಜೆ ನಾಲ್ಕು. ಸಿಗ್ನಲ್ಲಿನ ಪೊಲೀಸು ಈಗ ಊಟ ಆಯ್ತಾ ಅಂತ ಕೇಳ್ತಾನೆ."

"ಮುಳ್ಳು ನೋಡ್ಕೊಂಡು ಓಡಿಸಿದ್ರಾ?"

"ಕಾರಿನದು ಅಲ್ಲಾಡಲಿಲ್ಲ. ನನ್ನದು ಮಾತ್ರ ಏರ್ತಾನೇ ಇತ್ತು."

ಬಾನೆಟ್ ಎತ್ತಿದೆ. ಸ್ಪ್ಯಾನರ್ ತಗೊಂಡೆ. ಕೈ ಮುಂದೆ ಹೋಗಲಿಲ್ಲ. ಸರಿಯಾಗಿ ಬಿಗಿದದ್ದನ್ನು ಸುಮ್ಮನೆ ಮತ್ತೆ ತಿರುಗಿಸಿದರೆ ಬೋಲ್ಟೇ ಮುರಿಯಬಹುದು.

"ಇದನ್ನ ಬಿಗಿ ಮಾಡೋ ಅಗತ್ಯ ಇಲ್ಲ," ಎಂದೆ. "ಅವತ್ತು ಸುಳ್ಳು ಹೇಳಿದೆ."

"ಗೊತ್ತು."

ಅವನು ಜೇಬಿನಿಂದ ಮಡಚಿದ ಕಾಗದ ತೆಗೆದ. ಗ್ಯಾಸ್ಕೆಟ್ ಕಂಪನಿಯ ಸೂಚನೆ. ನಾನೇ ಕೊಟ್ಟ ಡಬ್ಬಿಯ ತಳದಲ್ಲಿತ್ತಂತೆ.

"ಕೊನೇ ಸಾಲು. ಒಮ್ಮೆ ಬಿಗಿದ ಮೇಲೆ ಮತ್ತೆ ಬಿಗಿಯಬೇಕಾಗಿಲ್ಲ. ಇರುವೆಯಷ್ಟು ಸಣ್ಣ ಅಕ್ಷರ. ಅದನ್ನ ಓದೋದೇ ನನ್ನ ಕೆಲಸ ಅಲ್ವಾ?"

ನನ್ನ ಮುಖ ಸೈಲೆನ್ಸರಿನಷ್ಟು ಬಿಸಿಯಾಯಿತು. "ಯಾವಾಗ ಓದಿದ್ರಿ?"

"ಅವತ್ತೇ ಸಂಜೆ."

"ಮತ್ಯಾಕೆ ಐನೂರೂ ಓಡಿಸಿದ್ರಿ?"

"ಐನೂರಾದಮೇಲೆ ಬನ್ನಿ ಅಂದ್ರಲ್ಲ. ಅದಕ್ಕೆ ಮುಂಚೆ ಬಂದ್ರೆ ಏನಂತ ಬರ್ಲಿ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಕನ್ನಡಕವಿಲ್ಲದ ಆ ಕಣ್ಣುಗಳಲ್ಲಿ ನಿದ್ದೆಯಿರಲಿಲ್ಲ, ಭಯವಿತ್ತು.

"ಭಾವನಿಗೆ ಇವತ್ತು ಹೇಳ್ಬೇಕು. ಏನಂತ ಹೇಳ್ಲಿ?"

ಎಂಜಿನ್ನಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದವಳು ನಾನು. ಇಲ್ಲಿ ಅಷ್ಟು ತಾಳ್ಮೆ ಇರಲಿಲ್ಲ.

"ಹೋಗ್ಬೇಡ. ನಂಗೆ ನೀನು ಬೇಕು."

"ಭಾವನಿಗೆ ಹಾಗೇ ಹೇಳ್ಲಾ?"

"ಬರಲ್ಲ ಅಂತಷ್ಟೇ ಹೇಳು."

ಅವನು ನಕ್ಕ. ನಾನು ಮತ್ತೆ ಅದೇ ಮಣಿಕಟ್ಟು ಹಿಡಿದೆ, ಅದೇ ಗ್ರೀಸಿನ ಕೈಯಿಂದ.

ಪಕ್ಕದ ಕಾರಿನಡಿಯಿಂದ ಅಪ್ಪನ ದನಿ ಬಂತು. "ಸಾವಿರ ಕಿಲೋಮೀಟರಿಗೂ ಒಂದ್ಸಲ ಬರೋಕೆ ಹೇಳಮ್ಮ."

ನಾನು ಹಿಡಿದ ಮಣಿಕಟ್ಟು ಬಿಡಲಿಲ್ಲ.

"ರಿಂಗ್ ರೋಡು ಸುತ್ತೋದು ಬೇಡ. ನೆಟ್ಟಗೆ ಮನೆಗೇ ಬರ್ಲಿ," ಎಂದರು ಅಪ್ಪ. ಸುತ್ತಿಗೆಯ ಸದ್ದು ಮತ್ತೆ ಶುರುವಾಯಿತು.